ಹನ್ನೆರಡನೇ ಸಾಲಿನ ಮಗು
(ಒಂದು ಮಕ್ಕಳ ಕಾದಂಬರಿ ಮತ್ತು ಅದರ ಬೆನ್ನಿಗಿರುವ ಚರಿತ್ರೆ)

1

ಶಾಲೆಯ ಮೊದಲ ದಿನ. ಆರು ವರ್ಷದ ಒಬ್ಬ ಹುಡುಗ. ಅಂಗಿಗೆ, ಬೂಟಿಗೆ ಕೆಮ್ಮಣ್ಣಿನ ಧೂಳು ಹತ್ತದ ಹಾಗೆ ಒಂದೊಂದೇ ಹೆಜ್ಜೆ ನೋಡಿ ಇಡುತ್ತಾ, ಅಣ್ಣಂದಿರನ್ನೂ ಅಕ್ಕನನ್ನೂ ದಾರಿಯುದ್ದಕ್ಕೂ ಕಾಯಿಸುತ್ತಾ ನಡೆದು ಬಂದಿದ್ದಾನೆ. ಶಾಲೆಗೆ ಸೇರುವ ಮೊದಲೇ ಅವನಿಗೆ ಓದಲು ಬರುತ್ತದೆ. ಈ ವರ್ಷ ಎಲ್ಲರಿಗೂ ಪುಸ್ತಕ ಉಂಟು ಅಂತ ಟೀಚರಮ್ಮ ಹೇಳಿದ ಕೂಡಲೇ ಅವನ ಕಣ್ಣು ಅರಳುತ್ತವೆ. ಪುಸ್ತಕ ಕೈಗೆ ಬರುತ್ತದೆ. ರಟ್ಟು ಸವೆದಿದೆ, ಹಾಳೆಗೆ ಕೊಳೆ ಹತ್ತಿದೆ. ಇದು ಕೊಳಕಾಗಿದೆ, ಬೇರೆ ಕೊಡಿ ಅನ್ನುತ್ತಾನೆ. ಟೀಚರಮ್ಮ ಗದರುತ್ತಾರೆ. ಹುಡುಗ ಸುಮ್ಮನೆ ಕೂತು ರಟ್ಟು ತೆರೆಯುತ್ತಾನೆ. ಒಳಗೆ ಏನನ್ನೋ ಓದುತ್ತಾನೆ. ಮರುಕ್ಷಣ ಪುಸ್ತಕವನ್ನು ನೆಲಕ್ಕೆಸೆದು ತುಳಿಯುತ್ತಾನೆ.

ಅವನು ಓದಿದ್ದು ಕಥೆಯಲ್ಲ, ಪದ್ಯವಲ್ಲ. ರಟ್ಟಿನ ಒಳಮೈಗೆ ಶಿಕ್ಷಣ ಮಂಡಳಿಯವರು ಹಚ್ಚಿದ್ದ ಒಂದು ಪಟ್ಟಿ. ಯಾವ ವರ್ಷ ಪುಸ್ತಕ ಕೊಟ್ಟದ್ದು, ಆಗ ಅದರ ಸ್ಥಿತಿ ಹೇಗಿತ್ತು, ಪಡೆದ ವಿದ್ಯಾರ್ಥಿ ಯಾವ ಜನಾಂಗದವನು ಅಂತ ಗೆರೆ ಎಳೆದು ಬರೆದಿದ್ದಾರೆ. 1922ರಲ್ಲಿ ಪುಸ್ತಕ ಹೊಸದು, ಪಡೆದದ್ದು ಬಿಳಿ ಮಗು. ಆಮೇಲೆ ಹತ್ತು ವರ್ಷ ಬಿಳಿಯ ಮಕ್ಕಳೇ. ವರ್ಷ ಕಳೆದ ಹಾಗೆ ಪುಸ್ತಕ ಉತ್ತಮದಿಂದ ಸಾಧಾರಣಕ್ಕೆ, ಸಾಧಾರಣದಿಂದ ಕೆಟ್ಟದ್ದಕ್ಕೆ ಇಳಿಯುತ್ತದೆ. ಹನ್ನೆರಡನೇ ಸಾಲು 1933. ಪುಸ್ತಕದ ಸ್ಥಿತಿ ತೀರಾ ಕೆಟ್ಟದ್ದು. ಪಡೆದವನು ಕರಿಯ. ಅದನ್ನೂ ಕರಿಯ ಅಂತ ನೆಟ್ಟಗೆ ಬರೆದಿಲ್ಲ, ಬಿಳಿಯರ ಬಾಯಲ್ಲಿ ತಿರುಚಿದ ಒಂದು ಹೀನ ಪದದಲ್ಲಿ ಬರೆದಿದ್ದಾರೆ. ಆ ಸಾಲಿನ ಕೆಳಗೆ ಇನ್ನೂ ಖಾಲಿ ಗೆರೆಗಳಿವೆ. ಅವೂ ಕರಿಯ ಮಕ್ಕಳಿಗೇ ಮೀಸಲು.

ಹುಡುಗನ ಅಕ್ಕ ಒಂಬತ್ತು ವರ್ಷದವಳು. ತಮ್ಮನನ್ನು ಹೊಡೆಯಬೇಡಿ, ಅವನು ಯಾಕೆ ತುಳಿದ ಅಂತ ಈ ಪಟ್ಟಿ ನೋಡಿ ಅಂತ ಟೀಚರಮ್ಮನ ಹತ್ತಿರ ಪುಸ್ತಕ ಒಯ್ಯುತ್ತಾಳೆ. ಟೀಚರಮ್ಮ ನೋಡುತ್ತಾರೆ. ಅವರೂ ಕರಿಯ ಹೆಂಗಸೇ. ನೀವು ಅದೇ ತಾನೇ, ಹೋಗಿ ಕೂತುಕೊಳ್ಳಿ ಅನ್ನುವ ಅರ್ಥದ ಮಾತು ಅವರ ಬಾಯಿಂದ ಬರುತ್ತದೆ. ಇಬ್ಬರು ಮಕ್ಕಳಿಗೂ ಏಟು ಬೀಳುತ್ತದೆ.

ಮಿಲ್ಡ್ರೆಡ್ ಡಿ. ಟೇಲರ್ ಬರೆದ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಎಂಬ ಮಕ್ಕಳ ಕಾದಂಬರಿ ಶುರುವಾಗುವುದು ಹೀಗೆ. ಅಚ್ಚಾದದ್ದು 1976ರಲ್ಲಿ. ಕಥೆ ನಡೆಯುವುದು 1933-34ರ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಒಂದು ಹಳ್ಳಿಗಾಡಿನಲ್ಲಿ. ಹುಡುಗನನ್ನು ಮನೆಯಲ್ಲಿ ಲಿಟ್ಲ್ ಮ್ಯಾನ್ ಅಂತ ಕರೆಯುತ್ತಾರೆ. ಕಥೆ ಹೇಳುವ ಅಕ್ಕ ಕ್ಯಾಸಿ ಲೋಗನ್.

ಈ ಪುಟ ಓದಿದ ದಿನ ನಮಗೆ ಮುಂದಿನ ಪುಟ ಓದಲಿಕ್ಕೆ ಆಗಲಿಲ್ಲ. ನಮ್ಮ ಮನೆಯಲ್ಲಿ ಶಾಲೆಯ ಹೊಸಿಲು ದಾಟಿದ ಮೊದಲ ತಲೆ ನಮ್ಮದು. ಸ್ಕಾಲರ್‌ಶಿಪ್ ಬಂದ ದಿನ ಮೇಷ್ಟ್ರು ಹೆಸರು ಕರೆಯುತ್ತಿರಲಿಲ್ಲ. 'ಅವರೆಲ್ಲ ಎದ್ದು ನಿಲ್ರೋ' ಅನ್ನುತ್ತಿದ್ದರು. 'ಅವರು' ಯಾರು ಅಂತ ಕ್ಲಾಸಿಗೆಲ್ಲ ಗೊತ್ತಿತ್ತು. ನಾವು ಎದ್ದು ನಿಲ್ಲುತ್ತಿದ್ದೆವು. ಲಿಟ್ಲ್ ಮ್ಯಾನ್ ಥರ ಏನನ್ನೂ ತುಳಿಯಲಿಲ್ಲ. ತುಳಿಯಬಹುದು ಅನ್ನುವುದೇ ಆವಾಗ ನಮಗೆ ಗೊತ್ತಿರಲಿಲ್ಲ.

2

ಇದು ಬರೀ ಕಥೆಯಲ್ಲವೇ ಅನ್ನುವವರಿದ್ದಾರೆ. ಕಾದಂಬರಿಯ ಸ್ಪೋಕೇನ್ ಕೌಂಟಿ ಕಲ್ಪನೆಯದು, ನಿಜ. ಆದರೆ ಆ ಪಟ್ಟಿಯ ಒಂದೊಂದು ಗೆರೆಯನ್ನೂ ಚರಿತ್ರೆಯೇ ಎಳೆದದ್ದು.

ಅಮೆರಿಕದ ದಕ್ಷಿಣದಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಒಂದು ಕಾಲಕ್ಕೆ ಅಪರಾಧವಾಗಿತ್ತು. ಸೌತ್ ಕ್ಯಾರೊಲೈನಾದಲ್ಲಿ 1740ರಲ್ಲೇ ಗುಲಾಮರಿಗೆ ಬರೆಯಲು ಕಲಿಸಬಾರದೆಂಬ ಕಾನೂನು ಬಂತು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮ ದಂಗೆ ಎದ್ದ. ಅವನಿಗೆ ಓದಲು ಬರುತ್ತಿತ್ತು. ಆಮೇಲೆ ಇಂಥ ಕಾನೂನುಗಳು ಇನ್ನಷ್ಟು ಬಿಗಿಯಾದವು. ಓದು ಬಂದವನು ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಒಡೆಯರಿಗೆ ನಮಗಿಂತ ಮೊದಲೇ ಗೊತ್ತಿತ್ತು. ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಿರಿ ಎಂದು ಧರ್ಮಸೂತ್ರ ಬರೆದವರಿಗೂ ಅದು ಗೊತ್ತಿತ್ತು.

1865ರಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಮುಗಿಯಿತು. ಅದೇ ವರ್ಷ ಜನವರಿಯಲ್ಲಿ ಜನರಲ್ ಶರ್ಮನ್ ಎಂಬ ಸೇನಾಧಿಕಾರಿ ದಕ್ಷಿಣದ ಕರಾವಳಿಯ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ ನಲವತ್ತು ಎಕರೆಯವರೆಗೆ ಹಂಚಲು ಆಜ್ಞೆ ಹೊರಡಿಸಿದ. ವರ್ಷ ಮುಗಿಯುವುದರೊಳಗೆ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಜಮೀನನ್ನು ಹಳೇ ಒಡೆಯರಿಗೇ ವಾಪಸು ಕೊಡಿಸಿದ. ಸಂಕೋಲೆ ಬಿಚ್ಚಿದರು, ನೆಲ ಕೊಡಲಿಲ್ಲ. ನೆಲವಿಲ್ಲದವನು ಎಲ್ಲಿಗೆ ಹೋದಾನು? ಹಳೇ ಧಣಿಯ ಹೊಲಕ್ಕೇ ಹೋದ, ಈಗ ಪಾಲಿಗೆ. ಬೀಜ ಧಣಿಯದು, ಹೇಸರಗತ್ತೆ ಧಣಿಯದು, ಅಂಗಡಿಯ ಸಾಲಕ್ಕೆ ಧಣಿಯ ಸಹಿ. ಹತ್ತಿ ಬಿಡಿಸಿದ ಮೇಲೆ ಲೆಕ್ಕ ಬರೆಯುವವನೂ ಧಣಿಯೇ. ಆ ಲೆಕ್ಕದಲ್ಲಿ ಸಾಲ ತೀರಿದ್ದು ಕಡಿಮೆ, ಬೆಳೆದದ್ದೇ ಹೆಚ್ಚು. ನಮ್ಮ ಕಡೆಯ ಜೀತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1890ರಲ್ಲಿ ಮಿಸಿಸಿಪ್ಪಿ ತನ್ನದೇ ಹೊಸ ಸಂವಿಧಾನ ಬರೆದುಕೊಂಡಿತು. ಓಟು ಹಾಕಬೇಕಾದರೆ ತೆರಿಗೆ ಕಟ್ಟಿರಬೇಕು, ಸಂವಿಧಾನದ ಭಾಗವೊಂದನ್ನು ಓದಬೇಕು ಇಲ್ಲವೇ ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಹೇಳುವವನು ಬಿಳಿಯ ಗುಮಾಸ್ತ. ನೋಡಿ ಈ ಆಟ! ದಕ್ಷಿಣದವರು ಯಾರಿಗೆ ಅಕ್ಷರ ಕಲಿಸುವುದನ್ನೇ ಅಪರಾಧ ಮಾಡಿದ್ದರೋ ಅವರಿಗೇ ಈಗ ಓದು ಬಾರದ ಕಾರಣಕ್ಕೆ ಓಟಿಲ್ಲ. 1896ರಲ್ಲಿ ಸುಪ್ರೀಂ ಕೋರ್ಟು ಪ್ಲೆಸಿ ಮೊಕದ್ದಮೆಯಲ್ಲಿ, ಬೇರೆ ಬೇರೆ ಇಟ್ಟರೂ ಸಮಾನವಾಗಿದ್ದರೆ ತಪ್ಪಿಲ್ಲ ಅಂದಿತು. ಬೇರೆ ಇಡುವುದನ್ನು ಎಲ್ಲರೂ ಪಾಲಿಸಿದರು. ಸಮಾನವನ್ನು ಯಾರೂ ಕೇಳಲಿಲ್ಲ.

ಹಾಗಾಗಿ ಕಾದಂಬರಿಯಲ್ಲಿ ಎರಡು ಶಾಲೆಗಳಿವೆ. ಬಿಳಿಯ ಮಕ್ಕಳ ಶಾಲೆಗೆ ಜೆಫರ್ಸನ್ ಡೇವಿಸ್ ಹೆಸರು. ಗುಲಾಮಗಿರಿ ಉಳಿಸಲು ಯುದ್ಧ ಮಾಡಿದ ದಕ್ಷಿಣ ಒಕ್ಕೂಟದ ಅಧ್ಯಕ್ಷ ಆತ. ಆ ಶಾಲೆಗೆ ಬಸ್ಸುಂಟು, ಆಟದ ಬಯಲುಂಟು. ಕರಿಯರ ಶಾಲೆ ಅಂದರೆ ನಾಲ್ಕು ಹಳೇ ಮರದ ಕಟ್ಟಡ, 320 ಮಕ್ಕಳು, ಏಳು ಜನ ಟೀಚರು. ಅಕ್ಟೋಬರಿಗೆ ಬಾಗಿಲು ತೆಗೆದರೆ ಮಾರ್ಚಿಗೆ ಮುಚ್ಚುತ್ತದೆ. ಯಾಕೆ? ಹತ್ತಿ ಹೊಲಕ್ಕೆ ಮಕ್ಕಳ ಕೈ ಬೇಕು. ಆ ಶಾಲೆಯ ಪಂಚಾಂಗ ಬರೆಯುವವರು ಮೇಷ್ಟ್ರುಗಳಲ್ಲ, ಹತ್ತಿ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಸರ್ಕಾರ ಕೊಡಲಿಲ್ಲವೆಂದು ಆ ಜನ ಸುಮ್ಮನೆ ಕೂರಲಿಲ್ಲ. ಬೂಕರ್ ಟಿ. ವಾಷಿಂಗ್ಟನ್ನರ ಯೋಜನೆಗೆ ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವ್ಯಾಪಾರಿ ಹಣ ಕೊಟ್ಟ. 1932ರ ಹೊತ್ತಿಗೆ ದಕ್ಷಿಣದ ಹಳ್ಳಿಗಳಲ್ಲಿ ಕರಿಯ ಮಕ್ಕಳಿಗಾಗಿ ಸುಮಾರು 5,000 ಶಾಲೆಗಳೆದ್ದವು. ಆ ವ್ಯಾಪಾರಿಯ ಹೆಸರು ಉಳಿಯಿತು. ಆದರೆ ಪಾಲಿಗೆ ಉಳುವ ಬಡವರು ಬಿಡಿಗಾಸು ಕೂಡಿಸಿ, ಮರ ಹೊತ್ತು, ಕೂಲಿ ಸುರಿದು ಕೊಟ್ಟದ್ದು ಅವನ ದೇಣಿಗೆಗೆ ಕಡಿಮೆಯಿರಲಿಲ್ಲ. ತೆರಿಗೆಯೂ ಅವರದೇ, ಚಂದಾವೂ ಅವರದೇ. ಒಂದೇ ಶಾಲೆಗೆ ಎರಡು ಸಲ ದುಡ್ಡು ತೆತ್ತ ಜನ ಅವರು.

3

ಇನ್ನು ಮಕ್ಕಳ ಪುಸ್ತಕಗಳ ಮಾತಿಗೆ ಬರೋಣ. ಪುಸ್ತಕದ ರಟ್ಟಿನ ಮೇಲಿನ ಪಟ್ಟಿಯಷ್ಟೇ ಅಲ್ಲ, ಪುಸ್ತಕದ ಹೊಟ್ಟೆಯೊಳಗೂ ವಿಷವಿತ್ತು.

1920ರಲ್ಲಿ ಹ್ಯೂ ಲಾಫ್ಟಿಂಗ್ ಬರೆದ 'ಡಾಕ್ಟರ್ ಡೂಲಿಟಲ್' ಕಥೆಯಲ್ಲಿ ಆಫ್ರಿಕದ ಒಬ್ಬ ರಾಜಕುಮಾರ ಬರುತ್ತಾನೆ. ಅವನಿಗಿರುವುದು ಒಂದೇ ಆಸೆ, ತಾನು ಬೆಳ್ಳಗಾಗಬೇಕು. ಡಾಕ್ಟರ್ ಅವನ ಮುಖಕ್ಕೆ ಔಷಧಿ ಹಾಕಿ ಬೆಳ್ಳಗೆ ಮಾಡುತ್ತಾನೆ. ಅದನ್ನು ಓದಿ ಲಕ್ಷಾಂತರ ಮಕ್ಕಳು ನಕ್ಕರು. ಓದಿದ ಕರಿಯ ಮಗು ಎಲ್ಲಿ ನಗಬೇಕು? 1964ರಲ್ಲಿ ರೋಲ್ಡ್ ಡಾಲ್ ಬರೆದ ಚಾಕೊಲೇಟ್ ಕಾರ್ಖಾನೆಯ ಕಥೆಯಲ್ಲಿ ಕೂಲಿಗಳಾಗಿ ದುಡಿಯುವ ಊಂಪಾ ಲೂಂಪಾಗಳು ಮೊದಲಿಗೆ ಆಫ್ರಿಕದ ಕಾಡಿನಿಂದ ತಂದ ಕುಳ್ಳ ಕರಿಯರು. ಸಂಬಳ ಕೋಕೋ ಬೀಜ. ಕರಿಯರ ಸಂಘಟನೆಗಳು ತಕರಾರು ಎತ್ತಿದ ಮೇಲೆ 1973ರ ಆವೃತ್ತಿಯಲ್ಲಿ ಅವರ ಬಣ್ಣ ಬದಲಾಯಿತು. ದುಡಿಮೆ ಬದಲಾಗಲಿಲ್ಲ.

ಇನ್ನು ಕರಿಯರೇ ಇಲ್ಲದ ಪುಸ್ತಕಗಳು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ಶಿಕ್ಷಕಿ ಒಂದು ಲೆಕ್ಕ ಹಾಕಿದರು. 1962ರಿಂದ 1964ರವರೆಗಿನ ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕರಿಯ ಕಾಣಿಸುವುದು 349ರಲ್ಲಿ. ನೂರಕ್ಕೆ ಏಳೂ ಇಲ್ಲ. ಅವುಗಳಲ್ಲಿಯೂ ಹಲವು ಹಳೇ ಕಾಲದ ಕಥೆ, ಇಲ್ಲವೇ ದೂರದೇಶದ ಕಥೆ. ಇವತ್ತಿನ ಅಮೆರಿಕದ ಕರಿಯ ಮಗುವಿನ ಕಥೆ ನೂರಕ್ಕೆ ಒಂದೂ ಇರಲಿಲ್ಲ. ಬೈದು ಬರೆಯುವುದು ಒಂದು ಹಿಂಸೆ. ಬರೆಯದೇ ಬಿಡುವುದು ಸದ್ದಿಲ್ಲದ ಹಿಂಸೆ.

ಇದಕ್ಕೆ ಉತ್ತರ ಕೊಡಲು ಹೊರಟವರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಮೊದಲಿಗರು. 1920ರ ಜನವರಿಯಲ್ಲಿ ಕರಿಯ ಮಕ್ಕಳಿಗಾಗಿ 'ದಿ ಬ್ರೌನೀಸ್ ಬುಕ್' ಎಂಬ ಮಾಸಪತ್ರಿಕೆ ಶುರು ಮಾಡಿದರು. ಜೆಸ್ಸಿ ಫಾಸೆಟ್ ಎಂಬ ಲೇಖಕಿ ಅದರ ಬೆನ್ನೆಲುಬಾಗಿ ನಿಂತರು. ಮುಂದೆ ದೊಡ್ಡ ಕವಿಯಾದ ಲ್ಯಾಂಗ್‌ಸ್ಟನ್ ಹ್ಯೂಸ್ ಹುಡುಗನಾಗಿದ್ದಾಗ ಅದರಲ್ಲಿ ಬರೆದ. ಸಾಕಷ್ಟು ಚಂದಾದಾರರಿಲ್ಲದೆ 24 ಸಂಚಿಕೆಗಳಿಗೆ, 1921ರ ಡಿಸೆಂಬರಿನಲ್ಲಿ ಪತ್ರಿಕೆ ನಿಂತಿತು. ಆ ಪತ್ರಿಕೆ ಹುಟ್ಟಿದ ತಿಂಗಳಲ್ಲೇ, 1920ರ ಜನವರಿ 31ರಂದು, ಇಲ್ಲಿ ಬಾಬಾಸಾಹೇಬರ 'ಮೂಕನಾಯಕ' ಹೊರಬಂತು. ಅದೂ ಹೆಚ್ಚು ವರ್ಷ ಬಾಳಲಿಲ್ಲ. ಒಬ್ಬರಿಗೊಬ್ಬರ ಸುದ್ದಿ ಗೊತ್ತಿಲ್ಲದೆ ಎರಡು ದಿಕ್ಕಿನಲ್ಲಿ ಎರಡು ಬಡ ಪತ್ರಿಕೆಗಳು ಒಂದೇ ತಿಂಗಳು ಬಾಯಿ ತೆರೆದವು. ಪತ್ರಿಕೆ ನಿಂತರೆ ಕೆಲಸ ಕೆಟ್ಟಿತು ಅಂತ ಅಂದುಕೊಳ್ಳುವ ನಮ್ಮ ಗೆಳೆಯರು ಇದನ್ನು ನೆನಪಿಡಬೇಕು.

ಮಿಲ್ಡ್ರೆಡ್ ಟೇಲರ್ ಬಂದದ್ದು ಈ ದಾರಿಯಲ್ಲಿ. ಹುಟ್ಟಿದ್ದು 1943ರಲ್ಲಿ ಮಿಸಿಸಿಪ್ಪಿಯ ಜಾಕ್ಸನ್ನಿನಲ್ಲಿ. ಮಕ್ಕಳು ಆ ನೆಲದ ಅವಮಾನದಲ್ಲಿ ಬೆಳೆಯಬಾರದೆಂದು ಅಪ್ಪ ಸಂಸಾರವನ್ನು ಉತ್ತರದ ಒಹಾಯೋಗೆ ಒಯ್ದ. ರಜೆಯಲ್ಲಿ ದಕ್ಷಿಣಕ್ಕೆ ಹೋದಾಗ ಬಂಧುಬಳಗ ಕೂತು ಹೇಳುತ್ತಿದ್ದ ಕಥೆಗಳಲ್ಲಿ ತಲೆ ಎತ್ತಿ ನಿಂತ ಕರಿಯರಿದ್ದರು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಆ ಜನ ಇರಲೇ ಇಲ್ಲ. 1965ರಲ್ಲಿ ಹುಟ್ಟಿದ ಒಂದು ಮಂಡಳಿಯ ಸ್ಪರ್ಧೆಯಲ್ಲಿ ಆಕೆಯ ಮೊದಲ ಕಥೆಗೆ ಬಹುಮಾನ ಬಂತು. ಅದು 'ಸಾಂಗ್ ಆಫ್ ದಿ ಟ್ರೀಸ್' ಆಗಿ 1975ರಲ್ಲಿ ಅಚ್ಚಾಯಿತು. ಮರುವರ್ಷವೇ ಈ ಕಾದಂಬರಿ. 1977ರಲ್ಲಿ ಇದಕ್ಕೆ ನ್ಯೂಬೆರಿ ಪದಕ ಬಂತು. ಆ ಪದಕ 1922ರಿಂದ ಇದೆ. 1923ರಲ್ಲೇ ಅದು ಡೂಲಿಟಲ್ ಮಾಲೆಯ ಇನ್ನೊಂದು ಪುಸ್ತಕಕ್ಕೆ ಸಿಕ್ಕಿತ್ತು. ಒಬ್ಬ ಕರಿಯ ಲೇಖಕಿಗೆ, ವರ್ಜೀನಿಯಾ ಹ್ಯಾಮಿಲ್ಟನ್‌ಗೆ, ಮೊದಲ ಸಲ ಸಿಕ್ಕಿದ್ದು 1975ರಲ್ಲಿ. ಲೋಗನ್ ಕುಟುಂಬದ ಕಥೆಯನ್ನು ಟೇಲರ್ ಬಿಡಲಿಲ್ಲ. ಅದರ ಕೊನೆಯ ಪುಸ್ತಕ ಬಂದದ್ದು 2020ರಲ್ಲಿ.

4

ಈಗ ಮತ್ತೆ ಆ ಹರಕು ಪುಸ್ತಕಕ್ಕೆ ಬರೋಣ. ಅವಮಾನ ಮಾಡುವ ಪುಸ್ತಕ ಕೈಗೆ ಬಂದರೆ ಏನು ಮಾಡಬೇಕು? ಕಾದಂಬರಿಯಲ್ಲಿ ಇದಕ್ಕೆ ಮೂರು ಉತ್ತರಗಳಿವೆ.

ಒಂದು, ಟೀಚರಮ್ಮ ಡೈಸಿ ಕ್ರಾಕರ್ ಅವರದು. ಕೊಟ್ಟದ್ದನ್ನು ತಗೋ, ಬಾಯಿ ಮುಚ್ಚು. ಆಕೆಯನ್ನು ದುಷ್ಟೆ ಅಂತ ತಳ್ಳಿಹಾಕುವುದು ಸುಲಭ. ಆಕೆಗೂ ಕೆಲಸ ಉಳಿಯಬೇಕಿತ್ತು. ಮಕ್ಕಳು ಬದುಕಿ ಉಳಿಯಬೇಕಾದರೆ ಬಗ್ಗುವುದನ್ನು ಬೇಗ ಕಲಿಯಬೇಕು ಅಂತ ಆಕೆ ನಂಬಿದ್ದರು. ಅವಮಾನವನ್ನೇ ಶಿಸ್ತು ಅಂತ ಕಲಿಸುವ ಇಂಥ ಮೇಷ್ಟ್ರುಗಳು ನಮ್ಮ ಕೇರಿಯಿಂದಲೂ ಬಂದಿದ್ದಾರೆ.

ಎರಡು, ಲಿಟ್ಲ್ ಮ್ಯಾನ್‌ನದು. ತುಳಿ. ಅದು ಮಗುವಿನ ಉತ್ತರ, ಸತ್ಯವಾದ ಉತ್ತರ. ಆದರೆ ಅದರಿಂದ ಅವನಿಗೆ ಸಿಕ್ಕಿದ್ದು ಛಡಿ ಏಟು.

ಮೂರು, ಅವರ ಅವ್ವ ಮೇರಿ ಲೋಗನ್‌ರದು. ಆಕೆಯೂ ಅದೇ ಶಾಲೆಯ ಟೀಚರು. ಆಕೆ ಕಾಗದ ಕತ್ತರಿಸಿ, ಅಂಟು ಹಚ್ಚಿ, ತನ್ನ ಮಕ್ಕಳ ಪುಸ್ತಕದ ಆ ಪಟ್ಟಿಯ ಮೇಲೆ ಅಂಟಿಸುತ್ತಾರೆ. ತನ್ನ ತರಗತಿಯ ಎಲ್ಲ ಪುಸ್ತಕಕ್ಕೂ ಅಂಟಿಸುತ್ತಾರೆ. ಘೋಷಣೆಯಿಲ್ಲ, ಮೆರವಣಿಗೆಯಿಲ್ಲ. ಒಂದು ಕತ್ತರಿ, ಒಂದಿಷ್ಟು ಅಂಟು.

ಇದು ಮುಚ್ಚಿಡುವುದಲ್ಲವೇ ಅಂತ ನಾವೇ ಮೊದಲು ಕೇಳಿಕೊಂಡೆವು. ಅಲ್ಲ. ಯಾಕೆಂದರೆ ಅದೇ ಮೇರಿ ಲೋಗನ್ ತರಗತಿಯಲ್ಲಿ ಗುಲಾಮಗಿರಿಯ ಪಾಠ ಮಾಡುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು, ಎಂಥ ಕ್ರೌರ್ಯ ನಡೆಯಿತು, ಅದರಿಂದ ಯಾರಿಗೆ ಲಾಭವಾಯಿತು ಎಂಬುದನ್ನು ಹೇಳುತ್ತಾರೆ. ಅವಮಾನವನ್ನು ಮುಚ್ಚಿದರು, ಚರಿತ್ರೆಯನ್ನು ಬಿಚ್ಚಿದರು. ಮಂಡಳಿಯವರು ಮಾಡಿದ್ದು ಇದರ ತಿರುವುಮುರುವು. ಜಮೀನ್ದಾರ ಹಾರ್ಲನ್ ಗ್ರೇಂಜರ್ ಜೊತೆಗೆ ಮಂಡಳಿಯವರು ತರಗತಿಗೇ ಬಂದು ಕೂತು ಪಾಠ ಕೇಳುತ್ತಾರೆ. ಇದು ಪುಸ್ತಕದಲ್ಲಿ ಇಲ್ಲವಲ್ಲ ಅನ್ನುತ್ತಾರೆ. ಪುಸ್ತಕದಲ್ಲಿರುವುದೆಲ್ಲ ನಿಜವಲ್ಲ ಎಂದು ಆಕೆ ಹೇಳಿದ್ದಕ್ಕೆ, ಪುಸ್ತಕಕ್ಕೆ ಕಾಗದ ಅಂಟಿಸಿದ್ದಕ್ಕೆ, ಕೆಲಸ ಹೋಗುತ್ತದೆ.

ಆದರೆ ನಿಜವಾದ ಕಾರಣ ಬೇರೆ. ಹಳ್ಳಿಯ ವಾಲೇಸ್ ಅಂಗಡಿಯವರು ಬೆರಿ ಮನೆತನದ ಕರಿಯರಿಗೆ ಬೆಂಕಿ ಇಟ್ಟವರು. ಒಬ್ಬ ಸತ್ತ, ಒಬ್ಬ ಮಾತೂ ಆಡಲಾರದ ಹಾಗೆ ಸುಟ್ಟು ಬಿದ್ದ. ಅವರ ಮೇಲೆ ಕೇಸಿಲ್ಲ. ಆ ಅಂಗಡಿಗೆ ಹೋಗಬೇಡಿ, ದೂರದ ವಿಕ್ಸ್‌ಬರ್ಗಿನಿಂದ ಸಾಮಾನು ತರಿಸೋಣ ಅಂತ ಲೋಗನ್‌ರು ಜನರನ್ನು ಕಟ್ಟಿದರು. ಅಂಗಡಿಯ ವ್ಯಾಪಾರಕ್ಕೆ ಕೈ ಹಾಕಿದ ಮೇಲೆ ಪಾಠದ ತಪ್ಪು ಕಾಣಿಸಿತು.

ಲೋಗನ್‌ರಿಗೆ ಈ ಧೈರ್ಯ ಎಲ್ಲಿಂದ ಬಂತು? ನೆಲದಿಂದ. ಅವರ ಅಜ್ಜ 1887ರಲ್ಲಿ 200 ಎಕರೆ ಕೊಂಡಿದ್ದ. ಆಮೇಲೆ ಇನ್ನೂ 200 ಸೇರಿತು. ಒಂದು ಕಾಲಕ್ಕೆ ಗ್ರೇಂಜರ್ ಮನೆತನದ್ದಾಗಿದ್ದ ನೆಲ. ಅದನ್ನು ಹೇಗಾದರೂ ವಾಪಸು ಕಿತ್ತುಕೊಳ್ಳಬೇಕೆಂದೇ ಗ್ರೇಂಜರನ ಹಟ. ಪಾಲಿಗೆ ಉಳುವವರು ಮೊದಲ ಬೆದರಿಕೆಗೇ ಬಹಿಷ್ಕಾರದಿಂದ ಹಿಂದೆ ಸರಿಯಬೇಕಾಗುತ್ತದೆ. ಅವರು ಹೇಡಿಗಳೆಂದಲ್ಲ, ಕಾಲ ಕೆಳಗಿನ ನೆಲ ಅವರದಲ್ಲ. ಇಷ್ಟು ದೊಡ್ಡ ಪಾಠವನ್ನು ಒಂದು ಮಕ್ಕಳ ಕಾದಂಬರಿ ಭಾಷಣವಿಲ್ಲದೆ ಹೇಳಿಬಿಡುತ್ತದೆ. 1910ರ ಸುಮಾರಿಗೆ ಅಮೆರಿಕದ ಕರಿಯ ರೈತರ ಕೈಯಲ್ಲಿ ಸುಮಾರು ಒಂದೂವರೆ ಕೋಟಿ ಎಕರೆ ಇತ್ತು. ಆ ಶತಮಾನ ಮುಗಿಯುವುದರೊಳಗೆ ಬಹುಪಾಲು ಹೋಯಿತು. ಸಾಲದಲ್ಲಿ, ತೆರಿಗೆ ಹರಾಜಿನಲ್ಲಿ, ಕೋರ್ಟು ಕಾಗದದಲ್ಲಿ, ಬೆದರಿಕೆಯಲ್ಲಿ ಹೋಯಿತು. ಮಂಜೂರಾದ ಜಮೀನು ಯಾರ್ಯಾರ ಪಹಣಿಗೆ ಹೇಗೆ ಸೇರಿತು ಅಂತ ಹುಡುಕಿಕೊಂಡು ತಾಲ್ಲೂಕು ಕಚೇರಿಗೆ ಅಲೆದ ನಮ್ಮ ಅಪ್ಪಂದಿರಿಗೆ ಈ ಕಥೆ ಹೊಸದಲ್ಲ.

ಕೊನೆಗೆ ಟಿ. ಜೆ. ಎಂಬ ಹುಡುಗನ ಕಥೆ. ಇಬ್ಬರು ಬಿಳಿಯ ಯುವಕರು ಅವನನ್ನು ಜೊತೆಗಿಟ್ಟುಕೊಂಡು ಅಂಗಡಿಗೆ ನುಗ್ಗುತ್ತಾರೆ. ಅಂಗಡಿಯವನಿಗೆ ಹೊಡೆದದ್ದು ಅವರು, ಆಪಾದನೆ ಇವನ ಮೇಲೆ. ಗುಂಪು ಹಗ್ಗ ತರುತ್ತದೆ. ಕ್ಯಾಸಿಯ ಅಪ್ಪ ತನ್ನದೇ ಹತ್ತಿ ಹೊಲಕ್ಕೆ ಬೆಂಕಿ ಹಚ್ಚುತ್ತಾನೆ. ಬೆಂಕಿ ಗ್ರೇಂಜರನ ಹೊಲದ ಕಡೆ ಹೊರಟ ಕೂಡಲೇ ನೇಣು ಹಾಕಲು ಬಂದವರು ಬಕೆಟ್ಟು ಹಿಡಿಯುತ್ತಾರೆ. ಒಬ್ಬ ಕರಿಯ ಹುಡುಗನ ಪ್ರಾಣಕ್ಕಿಂತ ಧಣಿಯ ಹತ್ತಿ ಹೆಚ್ಚು. ಈ ಲೆಕ್ಕ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಹುಡುಗ ಹಗ್ಗದಿಂದ ಉಳಿಯುತ್ತಾನೆ. ಜೈಲಿಗೆ ಹೋಗುತ್ತಾನೆ. ಕ್ಯಾಸಿ ಅಳುತ್ತಾಳೆ. ಟೇಲರ್ ಸುಳ್ಳು ಸಮಾಧಾನ ಬರೆಯಲಿಲ್ಲ. ಬರೆಯಲು ಆಕೆಯ ನೆಲ ಬಿಡಲಿಲ್ಲ. 1955ರಲ್ಲಿ ಅದೇ ಮಿಸಿಸಿಪ್ಪಿಯಲ್ಲಿ ಹದಿನಾಲ್ಕು ವರ್ಷದ ಎಮೆಟ್ ಟಿಲ್‌ನನ್ನು ಕೊಂದವರನ್ನು ಬಿಳಿಯರಷ್ಟೇ ಇದ್ದ ಪಂಚರು ಖುಲಾಸೆ ಮಾಡಿದರು. ಬೇರೆ ಶಾಲೆ ತಪ್ಪೆಂದು 1954ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಮಿಸಿಸಿಪ್ಪಿಯ ಶಾಲೆಗಳು ನಿಜವಾಗಿ ಬಾಗಿಲು ತೆರೆಯಲು 1970 ಆಗಬೇಕಾಯಿತು.

5

ಈ ಪುಸ್ತಕವನ್ನೂ ಶಾಲೆಗಳಿಂದ ತೆಗೆಯಿರಿ ಎಂದವರಿದ್ದಾರೆ. 2000ದಿಂದ 2009ರವರೆಗೆ ಅಮೆರಿಕದಲ್ಲಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ನೂರು ಪುಸ್ತಕಗಳ ಪಟ್ಟಿಯಲ್ಲಿ ಇದೂ ಇದೆ. ಅದರಲ್ಲಿ ಆ ಹೀನ ಪದ ಬರುತ್ತದೆ ಎನ್ನುವುದು ಒಂದು ಕಾರಣ. ತರಗತಿಯಲ್ಲಿ ಆ ಪದ ಗಟ್ಟಿಯಾಗಿ ಓದಿದಾಗ ಅಲ್ಲಿ ಕೂತ ಕರಿಯ ಮಗುವಿನ ಕಡೆ ನಲವತ್ತು ಕಣ್ಣು ತಿರುಗುತ್ತವೆ ಎಂಬ ತಾಯಂದಿರ ನೋವನ್ನು ನಾವು ಹಗುರ ಮಾಡುವುದಿಲ್ಲ. ನಾವು ಎದ್ದು ನಿಂತವರು, ನಮಗೆ ಗೊತ್ತು. ಆದರೆ ಪದವನ್ನು ತೆಗೆದರೆ ಪದ ಹುಟ್ಟಿಸಿದವರು ಬಚಾವಾಗುತ್ತಾರೆ. ಪಟ್ಟಿಗೆ ಕಾಗದ ಅಂಟಿಸುವ ಹಕ್ಕು ಮೇರಿ ಲೋಗನ್‌ರದು, ಮಂಡಳಿಯದಲ್ಲ. ಯಾರು ಅಂಟಿಸುತ್ತಾರೆ, ಯಾವುದನ್ನು ಮುಚ್ಚಲು ಅಂಟಿಸುತ್ತಾರೆ, ಅದನ್ನು ನೋಡಬೇಕು.

ಆ ದೇಶದ ಕಥೆ ನಮಗೆ ಯಾಕೆ ಅಂತ ಕೇಳಬೇಡಿ. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಡುಬಾಯ್ಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್‌ಗಳ ಹೆಸರು ಹಿಡಿದು ದಲಿತ ಪ್ಯಾಂಥರ್ ಕಟ್ಟಿದರು. ಜಾತಿ ಮತ್ತು ಬಣ್ಣ ಎರಡೂ ಒಂದೇ ಅಂತ ನಾವು ಹೇಳುವುದಿಲ್ಲ. ನಮ್ಮನ್ನು ಗುರುತಿಸಲು ಮೈಬಣ್ಣ ಬೇಕಿಲ್ಲ, ಕೇರಿಯ ಹೆಸರು ಸಾಕು. ಆದರೆ ಹನ್ನೆರಡನೇ ಸಾಲು ಎರಡೂ ಕಡೆ ಇದೆ.

ಒಂದು ಮಾತು ಸ್ಪಷ್ಟವಾಗಲಿ. ಶಾಲೆಯ ದಾಖಲೆಯಲ್ಲಿ ಜಾತಿಯ ಕಾಲಂ ಬೇಡ ಅಂತ ನಾವು ಹೇಳುತ್ತಿಲ್ಲ. ನಮ್ಮ ಹಾಸ್ಟೆಲು, ನಮ್ಮ ಸೀಟು ಆ ಕಾಲಮಿನಿಂದಲೇ ಬಂದದ್ದು. ಆ ಪಟ್ಟಿ ಮಗುವಿಗೆ ಪಾಲು ಕೊಡಲು ಇದೆಯೋ, ಪಾಲು ಇಷ್ಟೇ ಅಂತ ಹೇಳಲು ಇದೆಯೋ, ಪ್ರಶ್ನೆ ಅದು. ಹಕ್ಕಿಗಾಗಿ ಬರೆದ ಕಾಲಮನ್ನು ತರಗತಿಯಲ್ಲಿ ಕೂಗಿ ಹೇಳಿದ ದಿನ ಅದೂ ಮಿಸಿಸಿಪ್ಪಿಯ ಪಟ್ಟಿಯೇ ಆಗುತ್ತದೆ.

ಹಳ್ಳಿಯ ಮೇಷ್ಟ್ರುಗಳೇ, ಟೀಚರಮ್ಮಗಳೇ, ಈ ಕಥೆಯನ್ನು ನಿಮ್ಮ ಮಕ್ಕಳಿಗೆ ಬಾಯಲ್ಲಾದರೂ ಹೇಳಿ. ಹೇಳಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿ: ನಿಮ್ಮ ಪಾಠದ ಪುಸ್ತಕದಲ್ಲಿ ನಿಮ್ಮ ಕೇರಿಯ ಮಗು ಎಲ್ಲಿದೆ, ಏನು ಮಾಡುತ್ತಿದೆ, ಅದರ ಹೆಸರೇನು? ಮಕ್ಕಳು ಹುಡುಕಲಿ. ಸಿಗದಿದ್ದರೆ ಬರೆಯಲಿ. ಕವಿತೆ ಕಟ್ಟುವ ಗೆಳೆಯರೇ, ದೊಡ್ಡವರಿಗಾಗಿ ನಾವು ಬೇಕಾದಷ್ಟು ಬೆಂಕಿ ಬರೆದಿದ್ದೇವೆ. ಆರು ವರ್ಷದವನಿಗೆ ಏನು ಬರೆದಿದ್ದೇವೆ? ಅವನು ಹೊಸಿಲಲ್ಲಿ ನಿಂತಿದ್ದಾನೆ, ಅಂಗಿಗೆ ಧೂಳು ತಾಗದ ಹಾಗೆ. ಕೈ ಚಾಚಿದ್ದಾನೆ. ಅವನ ಕೈಗೆ ಪುಸ್ತಕ ಕೊಡುವ ಮೊದಲು ಅದರ ರಟ್ಟು ತೆರೆದು ಒಂದು ಸಲ ನಾವು ನೋಡೋಣ.